ಎಂಟು ಸಿಲಿಂಡರಿನ ಗಾಡಿಗೆ ಸೈಲೆನ್ಸರ್ ತುಂಬಿದ ಹದಿನೈದು ದಿನ

ಆ ಗಾಡಿ ರಾಯಪುರಂನ ನಮ್ಮ ಬೀದಿಗೆ ತಿರುಗುವ ಮೊದಲೇ ಅದರ ಸದ್ದು ಬಂತು. ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ ತಗಡುಗಳು ನಡುಗಿದವು. ಎದುರುಗಡೆ ಒಣಮೀನು ಹರವುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನಾನೂ ಕೈಯಲ್ಲಿದ್ದ ಗ್ಲಾಸ್ ವುಲ್ ಕೆಳಗಿಟ್ಟು ಹೊರಗೆ ಬಂದೆ. ಆಗಲೇ ನನಗೆ ಐವತ್ತು ದಾಟಿತ್ತು, ಇಬ್ಬರು ಮೊಮ್ಮಕ್ಕಳಿದ್ದರು. ಸದ್ದು ಕೇಳಿ ಓಡಿಬರುವ ವಯಸ್ಸಲ್ಲ. ಆದರೂ ಬಂದೆ.

ಅಂಥ ಗಾಡಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಲೆ ಛಾವಣಿ ಇಲ್ಲ, ಚಕ್ರಗಳ ಮೇಲೆ ಮಡ್‌ಗಾರ್ಡ್ ಇಲ್ಲ, ಬಾನೆಟ್ಟಿನ ಎರಡು ಪಕ್ಕವೂ ಇಲ್ಲ. ಎಂಜಿನ್ನು ಹೊಟ್ಟೆ ಸೀಳಿಟ್ಟ ಕೋಳಿಯ ಹಾಗೆ ಹೊರಗೆ ಕಾಣುತ್ತಿತ್ತು. ಯಾವುದೋ ಜಮೀನುದಾರರ ಮನೆಯಲ್ಲಿ ಕೊಳೆಯುತ್ತಿದ್ದ ಅಮೆರಿಕದ ಹಳೇ ಕಾರು. ಅದಕ್ಕೆ ಮಿಲಿಟರಿ ಹರಾಜಿನಲ್ಲಿ ಸಿಕ್ಕ ದೊಡ್ಡ ಟ್ರಕ್ಕಿನ ಎಂಟು ಸಿಲಿಂಡರಿನ ಎಂಜಿನ್ನು ಕೂರಿಸಿದ್ದರು. ಒಂದು ಪಕ್ಕಕ್ಕೆ ನಾಲ್ಕು, ಇನ್ನೊಂದು ಪಕ್ಕಕ್ಕೆ ನಾಲ್ಕು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಇಂಥ ರಾಕ್ಷಸ ಗಾಡಿಯಿಂದ ಇಳಿದ ಮನುಷ್ಯ ಮಾತ್ರ ಸಣ್ಣಗೆ, ಹಣೆಯಲ್ಲಿ ಅಂಗಾರ ಅಕ್ಷತೆ, ಇಸ್ತ್ರಿ ಮಾಡಿದ ಷರಟು. ಇನ್ಶೂರೆನ್ಸ್ ಆಫೀಸಿನಲ್ಲಿ ಅಧಿಕಾರಿ. ತ್ರಿಪ್ಲಿಕೇನಿನಲ್ಲಿ ಮೂರು ತಲೆಮಾರು ಬಾಳಿದ ಮಾಧ್ವರ ಮನೆಯವರು, ಈಗ ನುಂಗಂಬಾಕ್ಕಂನಲ್ಲಿ ವಾಸ. ನಾನು ಶೆಡ್ಡಿನ ಮೇಸ್ತ್ರಿಯನ್ನು ಕೂಗಿದಾಗ ನನ್ನ ತಮಿಳು ಕೇಳಿಯೇ ಕಂಡುಹಿಡಿದರು.

"ಅಮ್ಮಾ, ನೀವು ಕನ್ನಡದವರಾ?"

"ಕೋಲಾರದ ಕಡೆ. ನಮ್ಮ ಯಜಮಾನರು ಪೆರಂಬೂರು ರೈಲ್ವೆ ಕಾರ್ಖಾನೆಯಲ್ಲಿದ್ದಾರೆ. ಏನಾಗಬೇಕು ಸ್ವಾಮಿ?"

"ಈ ಗಾಡಿಗೆ ದನಿ ಬೇಕು. ಆದರೆ ಸದ್ದು ಇರಬಾರದು."

ಇದೇನು ಹೆಣ್ಣು ನೋಡಲು ಬಂದವರ ಮಾತಿನ ಹಾಗಿದೆಯಲ್ಲ ಅಂದುಕೊಂಡೆ.

ನಾನು ಆ ಶೆಡ್ಡಿನಲ್ಲಿ ಸೈಲೆನ್ಸರ್ ತುಂಬುವವಳು. ಅದಕ್ಕೆ ಮುಂಚೆ ತ್ರಿಪ್ಲಿಕೇನಿನ ಲಾಡ್ಜುಗಳಿಗೆ ದಿಂಬು ತುಂಬಿಕೊಡುತ್ತಿದ್ದೆ. ಲಾಡ್ಜಿನ ದಿಂಬು ಎಂದರೆ ದಿನಕ್ಕೊಂದು ತಲೆ. ಸಡಿಲವಾಗಿ ತುಂಬಿದರೆ ತಿಂಗಳಿಗೆ ಚಪ್ಪಟೆಯಾಗಿ ವಾಪಸು ಬರುತ್ತದೆ. ಹಾಗಾಗಿ ಬೂರುಗದ ಹತ್ತಿಯನ್ನು ಕೋಲಿನಿಂದ ಜಡಿದು ಜಡಿದು, ಕಲ್ಲಿನ ಹಾಗೆ ತುಂಬುವುದು ನನ್ನ ಕೈಗೆ ಕೂತಿತ್ತು. ನಮ್ಮ ಮನೆಯ ಪಕ್ಕದಲ್ಲಿ ಶೆಡ್ಡು ಹಾಕಿದ ಮೇಸ್ತ್ರಿ ಆ ಕೈ ನೋಡಿಯೇ ನನ್ನನ್ನು ಕರೆದದ್ದು. ಸೈಲೆನ್ಸರ್ ಒಳಗೆ ಮೈಯೆಲ್ಲ ತೂತಿರುವ ಒಂದು ಕೊಳವೆ ಇರುತ್ತದೆ, ಹೊರಗೆ ತಗಡಿನ ಚಿಪ್ಪು. ನಡುವಿನ ಜಾಗಕ್ಕೆ ಗ್ಲಾಸ್ ವುಲ್, ಅಂದರೆ ಗಾಜಿನ ಎಳೆಯ ಹತ್ತಿ, ತುಂಬಬೇಕು. ಹೊಗೆ ಕೊಳವೆಯಲ್ಲಿ ನೇರ ಹೋಗುತ್ತದೆ, ಸದ್ದು ತೂತುಗಳಿಂದ ಪಕ್ಕಕ್ಕೆ ನುಗ್ಗಿ ವುಲ್ಲಿನಲ್ಲಿ ಸಾಯುತ್ತದೆ. ಮೋಟಾರ್ ಸೈಕಲ್ಲುಗಳಿಗೆ ಅಂಥವನ್ನು ಸಾವಿರಗಟ್ಟಲೆ ತುಂಬಿದ್ದೆ. ಗ್ಲಾಸ್ ವುಲ್ ಮುಟ್ಟಿದರೆ ಮೈ ನವೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೂಗಿಗೆ ಸೆರಗು ಕಟ್ಟಿ ಕೂರುತ್ತಿದ್ದೆ.

ಅಧಿಕಾರಿ ತಮ್ಮ ಕಷ್ಟ ಹೇಳಿಕೊಂಡರು. ಅವರ ಬೀದಿಯಲ್ಲಿ ಒಂದು ಹೆರಿಗೆ ಆಸ್ಪತ್ರೆ. ಇವರು ಗಾಡಿ ಹೊರತೆಗೆದಾಗಲೆಲ್ಲ ಒಳಗೆ ಹಸುಗೂಸುಗಳು ಬೆಚ್ಚಿ ಅಳುತ್ತವೆ ಎಂದು ದೊಡ್ಡ ಡಾಕ್ಟರಮ್ಮ ಅರ್ಜಿ ಕೊಟ್ಟಿದ್ದರು. ಟ್ರಾಫಿಕ್ ಇನ್‌ಸ್ಪೆಕ್ಟರು ಹದಿನೈದು ದಿನ ಗಡುವು ಕೊಟ್ಟಿದ್ದ. ಅವನ ಹತ್ತಿರ ಸದ್ದು ಅಳೆಯುವ ಯಂತ್ರವಿರಲಿಲ್ಲ. ಅವನು ಹೇಳಿದ್ದು ಹೀಗೆ: "ಆಸ್ಪತ್ರೆ ಗೇಟಿನಲ್ಲಿ ನಾನು ವಾಚ್‌ಮನ್ ಜೊತೆ ಮಾತಾಡ್ತಾ ನಿಂತಿರ್ತೀನಿ. ನಿಮ್ಮ ಗಾಡಿ ಮುಂದೆ ಹಾದುಹೋಗಲಿ. ನಾನು ದನಿ ಏರಿಸಬೇಕಾಗಿ ಬಂತೋ, ಗಾಡಿ ರಸ್ತೆಗೆ ಬರೋದು ಅಲ್ಲಿಗೆ ನಿಂತಿತು."

"ಹನ್ನೊಂದು ವರ್ಷ ಕಟ್ಟಿದ ಗಾಡಿ ಅಮ್ಮಾ," ಅಂದರು ಅಧಿಕಾರಿ. "ನಟ್ಟು ನಟ್ಟು ನಾನೇ ಹಾಕಿದ್ದು. ರದ್ದು ಮಾಡಿದರೆ ಪುದುಪೇಟೆ ಗುಜರಿಗೇ ಹೋಗಬೇಕು."

"ಲಾರಿಯ ಪೆಟ್ಟಿಗೆ ಸೈಲೆನ್ಸರ್ ಹಾಕಿಸಿ. ತೆಪ್ಪಗಾಗುತ್ತೆ," ಅಂದೆ.

ಅವರ ಮುಖ ಸತ್ತವರ ಮನೆಯ ಮುಖವಾಯಿತು. ಹೊರಗೆ ಬಂದ ಮೇಸ್ತ್ರಿ ನನ್ನನ್ನು ಗದರಿದ. "ಅಕ್ಕಾ, ಸುಮ್ನಿರು. ಮೊದಲು ಕೇಳೋಣ."

ಮೇಸ್ತ್ರಿ ಮಾತಾಡುತ್ತಿದ್ದದ್ದು ಹಾರ್ಬರ್ ಕಡೆಯ ತಮಿಳು. ನನ್ನ ಕನ್ನಡಕ್ಕೆ ಬರುವಷ್ಟನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಹಡಗು ರಿಪೇರಿಯಲ್ಲಿ ವೆಲ್ಡಿಂಗ್ ಕಲಿತವನು. ಅವನು ಕೇಳುವುದನ್ನು ನೋಡಿದರೆ ಕೇಳುವುದೂ ಒಂದು ಕಸುಬು ಅಂತ ಗೊತ್ತಾಗುತ್ತಿತ್ತು. ಎಂಜಿನ್ನು ಓಡುವಾಗ ಮೊದಲು ಹಿಂದಿನ ಎರಡು ಕೊಳವೆಗಳ ಬಾಯಿಗೆ ಗೇಣು ದೂರದಲ್ಲಿ ಎರಡೂ ಅಂಗೈ ಹಿಡಿದ. ಗಾಳಿಯ ಪೆಟ್ಟು ಎಡಕ್ಕೂ ಬಲಕ್ಕೂ ಒಂದೇ ಸಮ ಇದೆಯೇ ನೋಡಲು. ಆಮೇಲೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಗಾಡಿಗೆ ಬೆನ್ನು ತಿರುಗಿಸಿ ನಿಂತ. "ಕಣ್ಣಿಗೆ ಗಾಡಿ ಕಂಡರೆ ಕಿವಿ ಸುಳ್ಳು ಹೇಳುತ್ತೆ" ಎಂಬುದು ಅವನ ಲೆಕ್ಕ. ಅಧಿಕಾರಿ ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಇವನು ಬೆರಳೆತ್ತಿದಾಗ ಅಲ್ಲೇ ಹಿಡಿದು ನಿಲ್ಲಬೇಕು. ಕೈ ಇಳಿಸಿದಾಗ ಬಿಡಬೇಕು.

ಅರ್ಧ ಗಂಟೆ ಹೀಗೇ. ಆಮೇಲೆ ಬಂದು ಹೇಳಿದ. "ಸಾರ್, ಕೆಳಗಡೆ ಒಳ್ಳೆ ದನಿ ಇದೆ. ಮಧ್ಯದಲ್ಲಿ ಕಿರುಚುತ್ತೆ. ಬೀದಿಯಲ್ಲಿ ಓಡೋದು ಆ ಮಧ್ಯದಲ್ಲೇ. ಅದನ್ನ ತೆಗೀಬೇಕು, ಕೆಳಗಿನದನ್ನ ಬಿಡಬೇಕು. ನಾನು ಮಾಡ್ತೀನಿ."

ಒಂದು ಗಾಡಿಗೂ ಹಾಗೆ ಮಾತು ಕೊಡದವನು. ನಾನು ಅವನ ಮುಖ ನೋಡಿದೆ.

ಆದರೂ ನನ್ನ ಮಾತನ್ನು ಅವನು ತಳ್ಳಿಹಾಕಲಿಲ್ಲ. ಭಾನುವಾರ ಹಾರ್ಬರ್ ಗೋಡೌನುಗಳು ಮುಚ್ಚಿರುವಾಗ, ಆ ಉದ್ದ ಗೋಡೆಯ ಪಕ್ಕದ ರಸ್ತೆಯಲ್ಲಿ ಲಾರಿಯ ಪೆಟ್ಟಿಗೆ ಕಟ್ಟಿ ಓಡಿಸಿ ನೋಡಿದರು. ಪೆಟ್ಟಿಗೆಯೊಳಗೆ ಅಡ್ಡಗೋಡೆಗಳು, ಹೊಗೆ ಸುತ್ತಿ ಸುತ್ತಿ ಹೊರಗೆ ಬರಬೇಕು. ಸದ್ದೇನೋ ಸತ್ತಿತು. ಗಾಡಿಯೂ ಸತ್ತಿತು. ಮೂಗು ಕಟ್ಟಿದ ಮಗು ಹಾಲು ಕುಡಿಯುವ ಹಾಗೆ ಏದುಸಿರು ಬಿಡುತ್ತಾ, ಸೈಕಲ್ ರಿಕ್ಷಾದ ಜೊತೆ ಪಂದ್ಯ ಕಟ್ಟುವಷ್ಟು ನಿಧಾನಕ್ಕೆ ಬಂತು. ಅಧಿಕಾರಿ ಇಳಿದರು. ಕನ್ನಡಕ ಒರೆಸಿಕೊಂಡರು.

"ಇದು ವೇಲೆಕ್ಕು ಆಗಾದು," ಅಂದ ಮೇಸ್ತ್ರಿ. ಕೆಲಸಕ್ಕೆ ಬರುವುದಿಲ್ಲ ಅಂತ. ಪೆಟ್ಟಿಗೆ ಬಿಚ್ಚಿ ಮೂಲೆಗೆಸೆದ.

ಇನ್ನು ಉಳಿದದ್ದು ನಮ್ಮ ಮೋಟಾರ್ ಸೈಕಲ್ಲಿನ ದಾರಿ: ನೇರ ಕೊಳವೆ, ಸುತ್ತ ವುಲ್ಲು. ಬರೀ ದೊಡ್ಡದು. ಮೇಸ್ತ್ರಿ ತೊಡೆಗಾತ್ರದ ಚಿಪ್ಪು ಸುತ್ತಿದ, ಒಳಗಿನ ಕೊಳವೆಗೆ ಸಾಲು ಹಿಡಿದು ತೂತು ಕೊರೆದ. ಒಂದು ಜೊತೆಗೆ ಎರಡು ದಿನ. ನಾನು ತುಂಬಿದೆ. ನನಗೆ ಆ ಕೆಲಸದಲ್ಲಿ ಹೆಮ್ಮೆ ಇತ್ತು, ಇರಲಿ ಬಿಡಿ, ಹೇಳಿಬಿಡುತ್ತೇನೆ. ಇಷ್ಟು ದೊಡ್ಡ ಗಾಡಿ, ಇಷ್ಟು ಜೋರು ಗಾಳಿ, ವುಲ್ಲು ಹಾರಿಹೋಗಬಾರದು ಎಂದು ಯಾವತ್ತಿಗಿಂತ ಹೆಚ್ಚು ಜಡಿದೆ. ಕೋಲಿನ ತುದಿ ಮುರಿಯಿತು.

ಮೊದಲ ಜೊತೆ ಕಟ್ಟಿ ಓಡಿಸಿದಾಗ ಮಧ್ಯದ ಕಿರುಚು ಹಾಗೇ ಇತ್ತು. ಅಷ್ಟೇ ಅಲ್ಲ, ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಒಂದು ಹೊಸ ಸದ್ದೂ ಸೇರಿತ್ತು. ಮೇಸ್ತ್ರಿ ತೂತು ದೊಡ್ಡದಾಯಿತು ಅಂದ. ಎರಡನೇ ಜೊತೆಗೆ ಸಣ್ಣ ತೂತು, ಹೆಚ್ಚು ತೂತು. ಅದೇ ಡಬ್ಬ, ಅದೇ ಕಲ್ಲು. ಹಾಗಾದರೆ ಉದ್ದ ಸಾಲದು ಅಂದ. ಮೂರನೆಯದು ಒಂದೂವರೆ ಪಟ್ಟು ಉದ್ದ. ಚೂರು ತಗ್ಗಿತು, ಅಷ್ಟೇ. ಗೋಡೌನಿನ ಗೋಡೆಗೆ ಆ ಕಿರುಚು ಬಡಿದು ವಾಪಸು ಬರುವಾಗ ನನಗೇ ಹಲ್ಲು ಜುಮ್ಮೆನ್ನುತ್ತಿತ್ತು. ಹೆತ್ತು ಮಲಗಿದವರ ಗತಿ ಏನು? ಆ ಡಾಕ್ಟರಮ್ಮ ಅರ್ಜಿ ಕೊಟ್ಟದ್ದು ಸರಿಯಾಗಿಯೇ ಇತ್ತು.

ಗಡುವಿಗೆ ಐದು ದಿನ ಉಳಿದಿತ್ತು. ಅಧಿಕಾರಿ ಆಫೀಸಿಗೆ ರಜೆ ಹಾಕಿ ಬಂದು ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಮೇಸ್ತ್ರಿ ಊಟದ ಡಬ್ಬಿ ತೆರೆಯಲಿಲ್ಲ. ಮೂರು ಜೊತೆಯನ್ನೂ ಸಾಲಾಗಿ ಮಲಗಿಸಿ ನೋಡುತ್ತಾ ಹೇಳಿದ:

"ಸಾರ್, ಗಾಡಿ ತಗೊಂಡು ಹೋಗಿ. ನನ್ನ ಕಿವಿ ಹಾಳಾಗಿದೆ. ಹಡಗಿನ ಸುತ್ತಿಗೆ ಸದ್ದು ತಿಂದುಬಿಟ್ಟಿದೆ ಅನ್ಸುತ್ತೆ."

"ಇನ್ನೊಬ್ಬರ ಹತ್ತಿರ ಎಲ್ಲಿಗೆ ಹೋಗಲಿ ಮೇಸ್ತ್ರಿ?"

"ಗೊತ್ತಿಲ್ಲ ಸಾರ್."

ಅವನು ತನ್ನ ಕಿವಿಯನ್ನು ಬೈದುಕೊಂಡದ್ದು ನನಗೆ ಸೇರಲಿಲ್ಲ. ಬಸ್ಸಿನ ಸೈಲೆನ್ಸರ್ ಯಾವ ಬೆಸುಗೆಯಲ್ಲಿ ಸೀಳಿದೆ ಎಂದು ಬೀದಿಯ ತುದಿಯಲ್ಲಿ ಬಸ್ಸು ತಿರುಗುವಾಗಲೇ ಹೇಳುವವನು. ಕಿವಿ ಹಾಳಾಗಿದ್ದರೆ ನನ್ನ ಬೈಗುಳ ಇಷ್ಟು ಚೆನ್ನಾಗಿ ಕೇಳಿಸುತ್ತಿತ್ತೇ?

ಕೈ ಸುಮ್ಮನಿರಬಾರದೆಂದು ನಾನು ರಿಪೇರಿಗೆ ಬಂದಿದ್ದ ಹಳೇ ಮೋಟಾರ್ ಸೈಕಲ್ ಸೈಲೆನ್ಸರುಗಳನ್ನು ಬಿಚ್ಚುತ್ತಾ ಕೂತೆ. ಎರಡು ನಾನೇ ತುಂಬಿದ್ದು, ಗುರುತು ಇತ್ತು. ಒಂದರ ಮುಚ್ಚಳ ಸಡಿಲವಾಗಿ ಅರ್ಧ ವುಲ್ಲು ಹಾರಿಹೋಗಿತ್ತು. ಉಳಿದದ್ದು ಒಳಗಿಂದ ಹೊರಗಿನವರೆಗೆ ಕಪ್ಪಗೆ, ಮಸಿ ಕುಡಿದಿತ್ತು. ಇನ್ನೊಂದು ಗಟ್ಟಿಯಾಗಿಯೇ ಇತ್ತು. ಅದರ ವುಲ್ಲನ್ನು ಚಾಕುವಿನಿಂದ ಕುಯ್ದೆ. ಕೊಳವೆಗೆ ತಾಗಿದ ಕಡೆ ಕೂದಲೆಳೆಯಷ್ಟು ಕಪ್ಪು. ಅದರಾಚೆ ಅಂಗಡಿಯಿಂದ ತಂದ ದಿನದ ಹಾಗೆ ಹಳದಿ.

ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಮಸಿ ಹೋಗದ ಕಡೆ ಸದ್ದು ಹೇಗೆ ಹೋದೀತು? ಕಲ್ಲಿನ ಹಾಗೆ ತುಂಬಿದರೆ ಸದ್ದು ಕಲ್ಲಿಗೆ ಬಡಿದ ಹಾಗೆಯೇ ವಾಪಸು ಬರುತ್ತದೆ. ಮೋಟಾರ್ ಸೈಕಲ್ಲಿನ ಸಣ್ಣ ಎಂಜಿನ್ನಿಗೆ ಯಾರೂ ಗಮನಿಸಿರಲಿಲ್ಲ. ಗಟ್ಟಿ ತುಂಬಿದರೆ ಬಾಳಿಕೆ ಎಂದು ಗಿರಾಕಿಗಳು ಹೊಗಳಿದ್ದರು. ನಾನು ಅಷ್ಟು ವರ್ಷ ಸೈಲೆನ್ಸರ್ ಎಂದುಕೊಂಡು ಲಾಡ್ಜಿನ ದಿಂಬು ತುಂಬಿದ್ದೆ.

ಎದ್ದು ಹೋಗಿ ಆ ಕುಯ್ದ ವುಲ್ಲನ್ನು ಮೇಸ್ತ್ರಿಯ ಮುಂದಿಟ್ಟೆ.

"ನಿನ್ನ ಕಿವಿಗೆ ಏನೂ ಆಗಿಲ್ಲ. ತೂತಿಗೂ ಏನೂ ಆಗಿಲ್ಲ. ತಪ್ಪು ನನ್ನ ಕೈಯದು. ನೋಡು."

ಅವನು ನೋಡಿದ. ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಗಲಿಲ್ಲ. ಮತ್ತೆ ಮೂರು ಜೊತೆಯನ್ನೂ ನೋಡಿದ, ನನ್ನನ್ನೂ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಕೇಳಿಸಿಕೊಳ್ಳಬೇಕಿತ್ತು.

"ಆರು ದಿನ ನಾನು ತೂತು ಕೊರೆದು ಸತ್ತೆ," ಅಂದ.

"ಸತ್ತಿಲ್ಲ. ಊಟ ಮಾಡಿ ಎದ್ದೇಳು."

"ಎಷ್ಟು ಸಡಿಲ ಇರಬೇಕು ಅಕ್ಕಾ?"

ಅದು ಗೊತ್ತಿದ್ದರೆ ತಪ್ಪೇ ಆಗುತ್ತಿರಲಿಲ್ಲವಲ್ಲ. ಮನೆಯಿಂದ ತಕ್ಕಡಿ ತಂದೆ. ಮೂರನೇ ಜೊತೆಯ ಒಂದು ಸೈಲೆನ್ಸರನ್ನು ಬಿಚ್ಚಿ ವುಲ್ಲು ತೂಗಿದೆವು. ಮೊದಲು ಅದರ ಅರ್ಧ ತುಂಬಿ ನೋಡಿದೆವು. ಕಿರುಚು ಹೋಯಿತು! ಅಧಿಕಾರಿ ಸ್ಟೂಲಿನಿಂದ ಎದ್ದೇಬಿಟ್ಟರು. ಹತ್ತು ನಿಮಿಷಕ್ಕೆ ಹಿಂದಿನ ಕೊಳವೆಯಿಂದ ಹಳದಿ ಎಳೆಗಳು ಹಾರತೊಡಗಿದವು. ಒಣಮೀನಿನ ಹೆಂಗಸರು ಬೈದುಕೊಂಡು ಮೀನಿಗೆ ಗೋಣಿ ಮುಚ್ಚಿದರು. ಸಡಿಲವಾದರೆ ಗಾಳಿ ತೂತಿನಿಂದ ಎಳೆದುಕೊಂಡು ಹೋಗುತ್ತದೆ. ಗಟ್ಟಿಯೂ ಅಲ್ಲ, ಸಡಿಲವೂ ಅಲ್ಲ.

ಆಗ ನನಗೆ ತೋಚಿದ್ದು ಇಷ್ಟು: ತುಂಬಲೇಬಾರದು, ಸುತ್ತಬೇಕು. ದಿಂಬಿನ ಹಾಗಲ್ಲ, ಬಾಣಂತಿಗೆ ಹೊದಿಸುವ ಹಾಗೆ. ಮೊದಲು ಕೊಳವೆಯ ಮೈಗೆ ಸಣ್ಣ ಕಣ್ಣಿನ ಉಕ್ಕಿನ ಬಲೆ ಎರಡು ಸುತ್ತು. ಅದರ ಮೇಲೆ ವುಲ್ಲನ್ನು ಹಾಳೆ ಹಾಳೆಯಾಗಿ, ಎಳೆ ಒಂದು ಸಲ ಉದ್ದಕ್ಕೆ ಒಂದು ಸಲ ಅಡ್ಡಕ್ಕೆ, ಅಂಗೈಯಲ್ಲಿ ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಎದ್ದುಬರುವಷ್ಟು. ಆಮೇಲೆ ಚಿಪ್ಪಿನೊಳಕ್ಕೆ ಜಾರಿಸುವುದು. ಕೋಲು ಮುಟ್ಟಲಿಲ್ಲ. ತೂಕ, ಮೊದಲು ತುಂಬಿದ್ದರ ಮುಕ್ಕಾಲಿಗೂ ಕಡಿಮೆ. ಒಂದು ದಿನವಿಡೀ ಸುತ್ತಿದೆ. ಉದ್ದದ ಜೊತೆ ಒಂದು, ಗಿಡ್ಡನೆಯ ಜೊತೆ ಒಂದು, ಎರಡರ ದನಿಯನ್ನೂ ಕೇಳಿ ನೋಡಲು. ಮೇಸ್ತ್ರಿ ನನ್ನ ಪಕ್ಕದಲ್ಲಿ ಕೂತು ಬಲೆ ಕತ್ತರಿಸಿಕೊಟ್ಟ. ಆರು ದಿನ ಹಾಳು ಮಾಡಿದವಳ ಮೇಲೆ ಒಂದು ಸಲವೂ ದನಿ ಏರಿಸಲಿಲ್ಲ. ಇದನ್ನು ನಾನು ಮರೆತಿಲ್ಲ.

ಕಿರುಚು ಹೋಯಿತು, ಎಳೆ ಹಾರಲಿಲ್ಲ. ಆದರೆ ಮೇಸ್ತ್ರಿ ಬೆನ್ನು ತಿರುಗಿಸಿ ನಿಂತವನು ತಲೆ ಅಲ್ಲಾಡಿಸಿದ.

"ಈಗ ಎಡ ಒಂದು ಮಾತಾಡುತ್ತೆ, ಬಲ ಒಂದು ಮಾತಾಡುತ್ತೆ. ಗಂಡ ಹೆಂಡತಿ ಜಗಳ. ಕೇಳುಂಗ ಸಾರ್."

ನನಗೂ ಆಗ ಕೇಳಿಸಿತು. ಒಂದೇ ಸಮ ಬರದೆ ದಡಕು ದಡಕು ಅನ್ನುತ್ತಿತ್ತು. ಅಧಿಕಾರಿ ಚೀಲದಿಂದ ಇಂಗ್ಲಿಷ್ ಪತ್ರಿಕೆ ತೆಗೆದರು. ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದಂತೆ. ಎರಡು ಕೊಳವೆಗೂ ನಡುವೆ ಒಂದು ಅಡ್ಡ ಕೊಳವೆ ಬೆಸೆದರೆ ಎರಡು ಪಕ್ಕದ ಉಸಿರೂ ಒಂದಾಗುತ್ತದೆ ಎಂದು ಅದರಲ್ಲಿತ್ತು. ಮೇಸ್ತ್ರಿಗೆ ಓದು ಬಾರದು, ಚಿತ್ರ ನೋಡಿದ ಕೂಡಲೇ ಗೊತ್ತಾಯಿತು.

"ಸರಿ. ಎಲ್ಲಿ ಬೆಸೆಯೋದು?"

"ಎಲ್ಲಿ ಅತಿ ಹೆಚ್ಚು ಕಾವೋ ಅಲ್ಲಿ," ಎಂದು ಓದಿದರು ಅಧಿಕಾರಿ. "ಕೊಳವೆಗೆ ಉದ್ದಕ್ಕೂ ಪೇಂಟ್ ಹಚ್ಚಿ ಎಂಜಿನ್ ಓಡಿಸಿದರೆ, ಎಲ್ಲಿ ಮೊದಲು ಸುಟ್ಟು ಹೋಗುತ್ತೋ ಅದೇ ಜಾಗ ಅಂತೆ."

ಮೇಸ್ತ್ರಿ ಶೆಡ್ಡಿನ ಪೇಂಟ್ ಡಬ್ಬ ತಂದು ಹಚ್ಚಿದ. ಇಪ್ಪತ್ತು ನಿಮಿಷ ಎಂಜಿನ್ ಓಡಿತು. ಪೇಂಟ್ ಬೆಳ್ಳಿಯ ಹಾಗೆ ಹೊಳೆಯುತ್ತಾ ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಸೈಲೆನ್ಸರ್ ಅಂಗಡಿಯಲ್ಲಿ ಕಾವಿಗೆ ಸುಡದ ಪೇಂಟ್ ಬಿಟ್ಟು ಬೇರೆ ಏನಿರುತ್ತದೆ?

"ಏನಕ್ಕಾ ನಗ್ತೀಯ? ನಿನ್ನ ಹತ್ತಿರ ಸುಡೋದು ಏನಾದರೂ ಇದ್ದರೆ ತಾ."

ಇತ್ತು. ಮನೆಗೆ ಹೋಗಿ ದೋಸೆ ಹಿಟ್ಟಿನ ಪಾತ್ರೆ ತಂದೆ.

"ಅಯ್ಯೋ, ಹಿಟ್ಟಾ?" ಅಂದರು ಅಧಿಕಾರಿ. "ತಿನ್ನೋ ಪದಾರ್ಥ ಅಮ್ಮಾ."

"ನಿನ್ನೆ ಹಿಟ್ಟು ಸ್ವಾಮಿ, ಹುಳಿ ಬಂದಿದೆ. ನಿಮಗೆ ಬಡಿಸ್ತಿಲ್ಲ, ಗಾಡಿಗೆ ಬಡಿಸ್ತಿದ್ದೀನಿ."

ಕೊಳವೆ ತಣ್ಣಗಾದ ಮೇಲೆ ಎರಡರ ಮೇಲೂ ನಾಲ್ಕು ಬೆರಳಿಗೊಂದರಂತೆ ಹಿಟ್ಟಿನ ಗೆರೆ ಎಳೆದೆ, ಎಲ್ಲ ಒಂದೇ ದಪ್ಪ. ಎಂಜಿನ್ ಓಡಿಸಿದರು. ಹಿಟ್ಟು ಮೊದಲು ಆವಿಯಾಡಿತು, ಬಿರಿಯಿತು, ಬೆಳ್ಳಗೆ ಒಣಗಿತು. ಬೀದಿಯೆಲ್ಲ ಹೆಂಚಿನ ವಾಸನೆ. ದೋಸೆ ಎಲ್ಲಿ ಮೊದಲು ಕೆಂಪಾಗುತ್ತದೆ ಎಂದು ನೋಡುವುದು ನಲವತ್ತು ವರ್ಷದ ಅಭ್ಯಾಸ, ಅದಕ್ಕೆ ಪತ್ರಿಕೆ ಬೇಡ. ಎಂಜಿನ್ನಿನ ಹತ್ತಿರದ ಗೆರೆ ಮೊದಲು ಕೆಂಪಾದೀತು ಎಂದು ಮೇಸ್ತ್ರಿ ಅಂದಿದ್ದ. ಆಗಲಿಲ್ಲ. ಅಲ್ಲಿಂದ ಎರಡು ಮೊಳ ಹಿಂದೆ ಒಂದು ಗೆರೆ ಹೊಂಬಣ್ಣವಾಯಿತು, ಅದರ ಎರಡು ಪಕ್ಕದವು ಇನ್ನೂ ಬೆಳ್ಳಗಿದ್ದವು. ಬಲಗಡೆಯೂ ಹೆಚ್ಚುಕಡಿಮೆ ಅದೇ ಜಾಗ.

"ಇಲ್ಲಿ," ಅಂದೆ.

ಮೇಸ್ತ್ರಿ ಸೀಮೆಸುಣ್ಣದ ಗುರುತು ಹಾಕಿ ಅಲ್ಲೇ ಅಡ್ಡ ಕೊಳವೆ ಬೆಸೆದ. ನೆಲದ ಮೇಲೆ ಅಂಗಾತ ಮಲಗಿ, ಕಿಡಿಯೆಲ್ಲ ಎದೆಯ ಮೇಲೆ ಬೀಳುತ್ತಿದ್ದರೂ ಕೈ ನಡುಗದೆ, ಒಂದೇ ಉಸಿರಿನಲ್ಲಿ ಸುತ್ತು ಮುಗಿಸಿದ. ಆ ಬೆಸುಗೆ ಇರುವೆ ಸಾಲಿನ ಹಾಗಿತ್ತು. ಅಂಥ ಕೈಯನ್ನು ನಾನು ಆಮೇಲೆ ನೋಡಿಲ್ಲ.

ಗಡುವಿಗೆ ಮುಂಚಿನ ದಿನ ಬೆಳಿಗ್ಗೆ ಎರಡು ಜೊತೆಯನ್ನೂ ಒಂದಾದ ಮೇಲೊಂದು ಕಟ್ಟಿ ಗೋಡೌನ್ ರಸ್ತೆಯಲ್ಲಿ ಓಡಿಸಿದೆವು. ಗಿಡ್ಡದ್ದು ಕಟ್ಟಿದಾಗ, ಏನು ಹೇಳಲಿ, ನನಗೆ ಗಾಡಿಯ ಮೋಹವಿಲ್ಲ, ಆದರೂ ಬೆನ್ನುಮೂಳೆಯಲ್ಲಿ ಏನೋ ಹರಿಯಿತು. ಕುಣಿಯುವವರ ಕಾಲಿಗೆ ತಮಟೆ ಹೇಗೋ ಹಾಗೆ. ಉದ್ದದ್ದು ಕಟ್ಟಿದಾಗ ಅದೇ ದನಿ ಕಂಬಳಿಯೊಳಗಿಂದ ಬಂದಂತಿತ್ತು. ಗಿಡ್ಡದ್ದು ಕಟ್ಟಿದಾಗ ಮೇಸ್ತ್ರಿಯೂ ನಾನೂ ಗಾಡಿಯ ಪಕ್ಕ ನಿಂತು ಮಾತಾಡಲು ಸ್ವಲ್ಪ ಜೋರು ಮಾಡಬೇಕಿತ್ತು. ಉದ್ದದ್ದಕ್ಕೆ ಬೇಕಾಗಿರಲಿಲ್ಲ.

ಅಧಿಕಾರಿಯ ಕಣ್ಣು ಗಿಡ್ಡದ್ದರ ಮೇಲೆಯೇ ಇತ್ತು. ಮೆಲ್ಲಗೆ ಅಂದರು:

"ಮೇಸ್ತ್ರಿ, ಎರಡಕ್ಕೂ ಬೋಲ್ಟ್ ಹಾಕಿ ಬದಲಿಸೋ ಹಾಗೆ ಮಾಡಿಕೊಡಿ. ನಾಳೆ ಉದ್ದದ್ದು ಹಾಕ್ಕೊಂಡು ಪಾಸ್ ಮಾಡಿಸ್ತೀನಿ. ಆಮೇಲೆ ಕೊಂಚ ದಿನ ಬಿಟ್ಟು..."

ಮೇಸ್ತ್ರಿ ಕೈ ಒರೆಸಿಕೊಂಡ. "ಆಗಲ್ಲ ಸಾರ್."

"ಎಲ್ಲರೂ ಮಾಡೋದೇ ತಾನೇ?"

"ಮಾಡ್ತಾರೆ. ನಾನು ಮಾಡಿಕೊಡಲ್ಲ. ಒಂದು ಜೊತೆ ಹೇಳಿ, ಬೆಸೆದುಬಿಡ್ತೀನಿ. ಗಿಡ್ಡದ್ದು ಬೇಕಾ, ಗಿಡ್ಡದ್ದು ಹಾಕಿ ನಾಳೆ ಇನ್‌ಸ್ಪೆಕ್ಟರ್ ಮುಂದೆ ಹೋಗೋಣ. ಬಿದ್ದರೆ ಬೀಳೋಣ."

"ಇದು ನನ್ನ ಗಾಡಿ ಮೇಸ್ತ್ರಿ."

"ಬೆಸುಗೆ ನಂದು ಸಾರ್."

ಅಧಿಕಾರಿ ನನ್ನ ಕಡೆ ತಿರುಗಿದರು, ಕನ್ನಡದವಳು ತಮ್ಮ ಕಡೆ ನಿಲ್ಲುತ್ತಾಳೆ ಎಂದು. "ನೀವೇ ಹೇಳಿ ಅಮ್ಮಾ. ಆ ದನಿ ಕೇಳಿದಿರಲ್ಲ?"

"ಕೇಳಿದೆ. ಚೆನ್ನಾಗಿದೆ. ಆದರೆ ನಾನು ಎದ್ದು ನಿಂತು, ಹೊಟ್ಟೆ ತುಂಬಿದವಳು, ಬೆಳಗಿನ ಹೊತ್ತು ಕೇಳಿದೆ. ನಮ್ಮ ದೊಡ್ಡ ಸೊಸೆ ಹೆತ್ತಾಗ ಮೂರು ದಿನ ಆಸ್ಪತ್ರೆ ವರಾಂಡದಲ್ಲಿ ಕೂತಿದ್ದೆ ಸ್ವಾಮಿ. ಮಗು ನಿದ್ದೆ ಹೋಗೋದು ಒಂದು ಗಳಿಗೆ, ಆ ಒಂದು ಗಳಿಗೇಲಿ ತಾಯಿ ಕಣ್ಣು ಮುಚ್ಚಬೇಕು. ಆ ಗಳಿಗೇಲಿ ನೀವು ಹೋದರೆ ನಾನೇ ಅರ್ಜಿ ಬರೀತಿದ್ದೆ. ನನಗೆ ಅಕ್ಷರ ನೆಟ್ಟಗಿಲ್ಲ, ಆದರೂ ಬರೀತಿದ್ದೆ."

ಅವರಿಗೆ ಕೋಪ ಬಂತು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಾನೆಟ್ ಮೇಲೆ ಕೈಯಿಟ್ಟು ನಿಂತರು. ಹನ್ನೊಂದು ವರ್ಷದ ಕೈ ಅದು. ಆ ನಿಮಿಷ ನಾನು ಅವರನ್ನು ಅವಸರಪಡಿಸಲಿಲ್ಲ.

"ಉದ್ದದ್ದು," ಅಂದರು. "ಬೆಸೆದುಬಿಡಿ."

ಮೇಸ್ತ್ರಿ ಬೆಸೆದ.

ಮರುದಿನ ಮೂವರೂ ಗಾಡಿಯಲ್ಲೇ ನುಂಗಂಬಾಕ್ಕಂಗೆ ಹೋದೆವು. ಹಿಂದೆ ಒಂದೇ ಅಗಲ ಸೀಟು; ಮೇಸ್ತ್ರಿ ಒಂದು ತುದಿ, ನಾನು ಒಂದು ತುದಿ, ನಡುವೆ ಸಲಕರಣೆ ಚೀಲ. ಗಾಳಿಗೆ ಸೆರಗು ನಿಲ್ಲದು, ಸಿಗ್ನಲ್ಲಿನಲ್ಲಿ ಜನ ನೋಡಿ ನಗುತ್ತಿದ್ದರು. ಅಧಿಕಾರಿ ನಮ್ಮನ್ನು ಆಸ್ಪತ್ರೆಯ ಎದುರು ಮರದ ಕೆಳಗೆ ಇಳಿಸಿ ಬೀದಿಯ ತುದಿಗೆ ಹೋದರು. ಇನ್‌ಸ್ಪೆಕ್ಟರು ಗೇಟಿನಲ್ಲಿ ವಾಚ್‌ಮನ್ ಜೊತೆ ನಿಂತಿದ್ದ. ಬಾಲ್ಕನಿಯಲ್ಲಿ ಡಾಕ್ಟರಮ್ಮ ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಮುಖ ನೋಡಿದರೆ ಆಗಲೇ ಬೇಡ ಎಂದು ತೀರ್ಮಾನಿಸಿದ ಹಾಗಿತ್ತು.

ಗಾಡಿ ಬಂತು. ಇನ್‌ಸ್ಪೆಕ್ಟರು ವಾಚ್‌ಮನ್ನಿಗೆ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳುತ್ತಿದ್ದ. ಎಂಟು ಸಿಲಿಂಡರೂ ಎಳೆಯುತ್ತಾ ಗೇಟಿನ ಮುಂದೆ ಹಾದುಹೋದವು. ವಾಚ್‌ಮನ್ ತನ್ನ ನಾಲ್ಕನೇ ಮಗಳ ಮದುವೆಯ ಸಂಗತಿ ಹೇಳುತ್ತಲೇ ಇದ್ದ, ಇನ್‌ಸ್ಪೆಕ್ಟರು ಹೂಂಗುಟ್ಟುತ್ತಲೇ ಇದ್ದ. ನನ್ನ ಪಕ್ಕ ಮೇಸ್ತ್ರಿ ಗೋಡೆಗೆ ಮುಖ ಮಾಡಿ, ಬೀದಿಗೆ ಬೆನ್ನು ಕೊಟ್ಟು ನಿಂತಿದ್ದ.

"ಇನ್ನೊಂದು ಸಲ," ಎಂದು ಇನ್‌ಸ್ಪೆಕ್ಟರು ಕೈ ಬೀಸಿದ. "ಒತ್ತಿಕೊಂಡು ಬನ್ನಿ."

ಎರಡನೇ ಸಲ ಅಧಿಕಾರಿ ಒತ್ತಿದರು. ದನಿ ಬಂತು, ಕೆಳಗಿನಿಂದ, ನೆಲದಡಿಯಿಂದ ಬಂದಂತೆ. ಕಿರುಚಿಲ್ಲ. ನಾನು ಆಸ್ಪತ್ರೆಯ ಕಿಟಕಿಗಳನ್ನು ನೋಡುತ್ತಾ ಲೆಕ್ಕ ಹಾಕಿದೆ. ಒಂದು ಮಗುವೂ ಅಳಲಿಲ್ಲ. ಬಾಲ್ಕನಿಯಲ್ಲಿ ಡಾಕ್ಟರಮ್ಮ ಒಳಗೆ ತಿರುಗಿ ಆಲಿಸಿದರು. ಮತ್ತೆ ಇನ್‌ಸ್ಪೆಕ್ಟರಿನ ಕಡೆ ನೋಡಿ ಆಗಬಹುದೆಂದು ತಲೆ ಆಡಿಸಿ, ಒಳಗೆ ಹೊರಟುಹೋದರು. ಅವರಿಗೆ ಬೇರೆ ಕೆಲಸವಿತ್ತು.

ನಾವು ರಸ್ತೆ ದಾಟಿ ಬರುವಾಗ ಇನ್‌ಸ್ಪೆಕ್ಟರು ನಿಲ್ಲಿಸಿದ ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಕೆಳಗೆ ಇಣುಕಿದ. "ಯಾವ ದೇಶದ ಸೈಲೆನ್ಸರ್ ಇದು?"

"ರಾಯಪುರಂ," ಅಂದ ಮೇಸ್ತ್ರಿ.

"ಒಳಗೆ ಏನು ಹಾಕಿದ್ದೀಯ? ಹೇಗೆ ಮಾಡಿದೆ?" ಎಂದು ಅವನು ಗಾಡಿ ಪಾಸು ಮಾಡುವ ಕಾಗದ ಮಡಚಿ ಕಂಕುಳಿಗಿಟ್ಟುಕೊಂಡು, ಕಥೆ ಕೇಳುವವನ ಹಾಗೆ ನಿಂತ. ಮೇಸ್ತ್ರಿ ಬಾಯಿ ತೆರೆದ. ಆ ಬಾಯಿ ತೆರೆದರೆ ಮೊದಲ ಜೊತೆಯಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತು.

"ಮೊದಲು ಸಹಿ ಹಾಕಿ ಸಾರ್," ಅಂದೆ. "ಆಮೇಲೆ ಎಲ್ಲಾ ಹೇಳ್ತಾನೆ."

ಬಾನೆಟ್ ಮೇಲೆ ಕಾಗದ ಹರಡಿ ಸಹಿ ಹಾಕಿದ. ಎಂಜಿನ್ನು ಇನ್ನೂ ಓಡುತ್ತಿತ್ತು. ಅದರ ಮೇಲೆ ಬರೆದರೂ ಅಕ್ಷರ ನೆಟ್ಟಗೆ ಬಂತು.